ಆಭಾ ಕಾರ್ಡ್ ಇದ್ದರೂ ಹಳೇ ರಿಪೋರ್ಟ್ ಯಾಕೆ ಕಾಣಿಸಲಿಲ್ಲ

ಸರ್, ಜಗಳೂರು ಕಡೆ ಮಾಡಿಸಿದ ತಾಯಿಯವರ ಶುಗರ್ ರಿಪೋರ್ಟು ದಾವಣಗೆರೆಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ಆಭಾ (ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್) ಎಂಬುದು 14 ಅಂಕಿಯ ಗುರುತಿನ ನಂಬರ್ ಅಷ್ಟೇ. ರಿಪೋರ್ಟು ಅದರೊಳಗೆ ಇರುವುದಿಲ್ಲ, ಪರೀಕ್ಷೆ ಮಾಡಿದ ಕಡೆಯೇ ಉಳಿಯುತ್ತದೆ. ಅವರು ಅದನ್ನು ನಂಬರಿಗೆ ಲಿಂಕ್ ಮಾಡಿರಬೇಕು, ಇಲ್ಲಿ ನೋಡಲು ನಿಮ್ಮ ಒಪ್ಪಿಗೆಯೂ ಬೇಕು. ರಿಜಿಸ್ಟರಿನಲ್ಲಿ ಕೈಯಲ್ಲಿ ಬರೆದದ್ದಾದರೆ ಲಿಂಕ್ ಮಾಡಲು ಏನೂ ಇರುವುದಿಲ್ಲ.

ಹೆಚ್ಚಾಗಿ ಎಡವುವುದು ಚೀಟಿ ಕೌಂಟರಿನಲ್ಲಿ. ಸಾಲು ಉದ್ದ ಇದ್ದಾಗ ಆಭಾ ಕೇಳದೆ ಬರೀ ಹೆಸರು, ವಯಸ್ಸು ಹಾಕಿ ಹೊಸ ಓಪಿಡಿ ನಂಬರ್ ಕೊಡುತ್ತಾರೆ. ಲ್ಯಾಬ್ ಫಲಿತಾಂಶ ಆ ನಂಬರಿಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಚೀಟಿ ಮಾಡಿಸುವಾಗಲೇ ಕೌಂಟರಿನ ಕ್ಯೂಆರ್ ಅನ್ನು ಆಭಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಆಧಾರ್‌ಗೆ ಹಳೇ ಮೊಬೈಲ್ ನಂಬರ್ ಇದ್ದರೆ ಆಧಾರ್ ಓಟಿಪಿ ಬರುವುದಿಲ್ಲ, ಮೊದಲು ಅದನ್ನು ಸರಿಮಾಡಿಸಿ. ಒಂದೇ ಆಭಾ ನಂಬರಿಗೆ ಎರಡು ಆಭಾ ವಿಳಾಸ (ಇಮೇಲ್‌ನಂತೆ ಕಾಣುವ ಐಡಿ) ಇವೆಯೇ ಎಂದೂ ನೋಡಿ. ಒಂದಕ್ಕೆ ಲಿಂಕ್ ಆದದ್ದು ಇನ್ನೊಂದರಲ್ಲಿ ಕಾಣಿಸದೆ ಇರಬಹುದು.

ಸಿಬ್ಬಂದಿಯನ್ನು ಬೈದು ಫಲವಿಲ್ಲ. ಗರ್ಭಿಣಿಯರಿಗೆ ಆರ್‌ಸಿಎಚ್, ಕ್ಷಯಕ್ಕೆ ನಿಕ್ಷಯ್, ಬಿಪಿ-ಶುಗರ್‌ಗೆ ಎನ್‌ಸಿಡಿ, ತಿಂಗಳ ಲೆಕ್ಕಕ್ಕೆ ಎಚ್‌ಎಂಐಎಸ್: ಒಂದೊಂದಕ್ಕೂ ಬೇರೆ ಪೋರ್ಟಲ್ ತುಂಬಬೇಕು, ಜೊತೆಗೆ ರಿಜಿಸ್ಟರು ಬೇರೆ. ಸಾಫ್ಟ್‌ವೇರಿಗಿಂತ ದುಬಾರಿ ಬೀಳುವುದು ನರ್ಸಮ್ಮನವರ ಈ ಸಮಯ, ಅದನ್ನು ಯಾವ ಬಜೆಟ್ಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸದ್ಯಕ್ಕೆ ಹಳೇ ಕಾಗದಗಳ ಫೋಟೋ ತೆಗೆದು ಆಭಾ ಆ್ಯಪ್‌ಗೆ ನೀವೇ ಹಾಕಿ. ಮೂಲ ಕಾಗದ ಮಾತ್ರ ಬಿಸಾಡಬೇಡಿ. ಅಂದಹಾಗೆ, ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆಯೇ, ಆಸ್ಪತ್ರೆಗೆ ಹೋಗುವಾಗ ಎರಡೂ ಇರಲಿ.