ಎಕ್ಟೋಪಿಕ್ ಬೀಟ್ (ಹೊತ್ತಿಗೆ ಮುಂಚೆ ಬರೋ ಹಾರ್ಟ್ ಬಡಿತ) ಇದೆ ಅಂತ ಗೊತ್ತಾದ್ಮೇಲೆ ಎದೆ ಡವಡವ ಇನ್ನೂ ಜಾಸ್ತಿ ಆಗಿದೆ, ಯಾಕೆ? ಏನ್ ಮಾಡ್ಲಿ?

ಭಯಾನೇ ಅದನ್ನ ಜಾಸ್ತಿ ಮಾಡ್ತಿರೋದು. ಇಸಿಜಿ, ಎಕೋ (ಹಾರ್ಟ್ ಸ್ಕ್ಯಾನ್), ಹಾಲ್ಟರ್ (ಮೈಗೆ ಕಟ್ಕೊಂಡು ದಿನವಿಡೀ ಬಡಿತ ದಾಖಲಿಸೋ ಯಂತ್ರ) ಎಲ್ಲಾ ನೋಡಿ ಡಾಕ್ಟರ್ ಹಾರ್ಟ್ ಚೆನ್ನಾಗಿದೆ ಅಂದಿದ್ರೆ ಈ ಬಡಿತಗಳಿಂದ ಸಾಮಾನ್ಯವಾಗಿ ಅಪಾಯ ಇಲ್ಲ, ಆರೋಗ್ಯವಾಗಿರೋರಿಗೂ ಬರ್ತಾವೆ.

ಆಗೋದೇನಂದ್ರೆ, ಒಂದು ಬಡಿತ ಹೊತ್ತಿಗೆ ಮುಂಚೆ ಬಂದ್ಬಿಡುತ್ತೆ, ಆಗ ಹಾರ್ಟಲ್ಲಿ ರಕ್ತ ಪೂರ್ತಿ ತುಂಬಿರಲ್ಲ, ಆಮೇಲೆ ಸಣ್ಣ ಗ್ಯಾಪ್, ಆ ಗ್ಯಾಪಲ್ಲಿ ಜಾಸ್ತಿ ರಕ್ತ ತುಂಬಿ ಮುಂದಿನ ಬಡಿತ ಧಡ್ ಅಂತ ಜೋರಾಗಿ ಹೊಡೆಯುತ್ತೆ. ನಮಗೆ 'ಹಾರ್ಟ್ ನಿಂತೇ ಹೋಯ್ತು' ಅನ್ಸೋದು ಇದೇ. ತಕ್ಷಣ ಗಾಬರಿ, ಗಾಬರಿಗೆ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತೆ, ಅದು ಬಡಿತ ಜೋರು ಮಾಡಿ ಇನ್ನಷ್ಟು ಎಕ್ಟೋಪಿಕ್ ಎಬ್ಬಿಸುತ್ತೆ, ಮತ್ತೆ ಗಾಬರಿ.

ಹಾಗಾಗಿ ಮುರೀಬೇಕಾಗಿರೋದು ಈ ಸುತ್ತು. ಬಂದಾಗ ಮೂಗಲ್ಲಿ ಉಸಿರು ತಗೊಂಡು, ಅದಕ್ಕಿಂತ ನಿಧಾನಕ್ಕೆ ಬಿಡಿ, ಒಂದೈದು ನಿಮಿಷ. ಪದೇ ಪದೇ ನಾಡಿ ಹಿಡಿದು ನೋಡೋದು, ವಾಚಲ್ಲಿ ಚೆಕ್ ಮಾಡೋದು ದಯವಿಟ್ಟು ಬಿಡಿ, ಗಮನ ಕೊಟ್ಟಷ್ಟೂ ಜಾಸ್ತಿ ಗೊತ್ತಾಗುತ್ತೆ. ರಾತ್ರಿ ಎಡಗಡೆ ಮಲಗಿದ್ರೆ ಜೋರಾಗಿ ಕೇಳ್ಸುತ್ತೆ, ಬಲಕ್ಕೆ ಹೊರಳಿ. ನಿದ್ದೆಗೆಟ್ರೆ, ಕಾಫಿ ಅತಿಯಾದ್ರೆ, ಎಣ್ಣೆ ಹೊಡೆದ್ರೆ ಕೆಲವರಿಗೆ ಹೆಚ್ಚಾಗುತ್ತೆ. ಭಯ ವಾರಗಟ್ಟಲೆ ಬಿಡ್ತಿಲ್ಲ ಅಂದ್ರೆ ಕೌನ್ಸೆಲಿಂಗಿಗೆ ಹೋಗಿ, ನಿಜವಾಗ್ಲೂ ಕೆಲಸ ಮಾಡುತ್ತೆ.

ಡಾಕ್ಟರ್ ಏಟ್ರಿಯಲ್ ಫಿಬ್ರಿಲೇಶನ್ (ಹಾರ್ಟಿನ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯೋ ತೊಂದರೆ) ಅಂದಿದ್ರೆ ಮಾತ್ರ ಕಥೆ ಬೇರೆ, ಅದ್ರಲ್ಲಿ ಸ್ಟ್ರೋಕ್ ರಿಸ್ಕ್ ಇರುತ್ತೆ, ಅದಕ್ಕೆ ಕೊಟ್ಟಿರೋ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಯಾವುದೇ ಆಗ್ಲಿ, ಪ್ರಜ್ಞೆ ತಪ್ಪಿದ್ರೆ, ಎದೆನೋವು ಬಂದ್ರೆ, ಉಸಿರು ಕಟ್ಟಿದ್ರೆ ಕಾಯ್ಬೇಡಿ, 108ಕ್ಕೆ ಕಾಲ್ ಮಾಡಿ.