ಚೌಕಾಸಿಗೆ ನಾಚಬೇಕಾದವರು ಯಾರು?

ಹೊಸ ಟ್ರ್ಯಾಕ್ಟರ್ ಕೊಳ್ಳಲು ಹೊರಟಿರುವ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು: ಡೀಲರ್ ಹೇಳಿದ ಬೆಲೆ ಒಂದು, ಅದೇ ಮಾದರಿಯನ್ನು ಹಿಂದಿನ ತಿಂಗಳು ಕೊಂಡ ಪರಿಚಿತರು ಕೊಟ್ಟ ಬೆಲೆ ಇನ್ನೊಂದು. ಬೆಲೆಯನ್ನು ಬರೆದುಕೊಡಿ ಎಂದರೆ, "ನಮ್ಮ ನಿಮ್ಮ ನಡುವೆ ಕಾಗದ ಏಕೆ? ಮುಂಗಡ ಕೊಡಿ, ಉಳಿದದ್ದನ್ನು ಆಮೇಲೆ ಸರಿ ಮಾಡೋಣ" ಎಂಬ ಉತ್ತರ ಬಂತಂತೆ. ಕೊನೆಗೆ ಅವರು ಕೇಳುತ್ತಾರೆ: "ಕೇಳಿದಷ್ಟು ಕೊಡಲು ಮನಸ್ಸು ಬರುವುದಿಲ್ಲ, ಚೌಕಾಸಿ ಮಾಡಲು ನಾಚಿಕೆ. ಅವರೂ ಬದುಕಬೇಕಲ್ಲ? ನಾಳೆ ಗಾಡಿ ಕೆಟ್ಟರೆ ಅವರ ಬಾಗಿಲಿಗೇ ಹೋಗಬೇಕಲ್ಲ? ನ್ಯಾಯವಾದ ಬೆಲೆ ಎಂದರೆ ಯಾವುದು?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಎದುರಿನವರ ಹೊಟ್ಟೆಪಾಡನ್ನೂ ಲೆಕ್ಕಕ್ಕೆ ಹಿಡಿದು ವ್ಯಾಪಾರಕ್ಕೆ ಹೋಗುವವರು ಇನ್ನೂ ಇದ್ದಾರಲ್ಲ ಎಂದು ಸಂತೋಷ. ಸಿಟ್ಟು ನಿಮ್ಮ ಮೇಲೆಯೇ. ಬೆಲೆಯನ್ನು ಕಾಗದದ ಮೇಲೆ ಬರೆಯಲು ಒಪ್ಪದವರಿಗೆ ಇಲ್ಲದ ನಾಚಿಕೆ, ಬರೆದುಕೊಡಿ ಎಂದು ಕೇಳಿದ ನಿಮಗೇಕೆ?

ಡೀಲರುಗಳ ಪರವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕಟ್ಟಡದ ಬಾಡಿಗೆ, ಮೆಕ್ಯಾನಿಕ್‌ಗಳ ಸಂಬಳ, ಬಿಡಿಭಾಗಗಳ ದಾಸ್ತಾನು, ಎಲ್ಲಕ್ಕೂ ಹಣ ಬೇಕು. ಅಂಗಳದಲ್ಲಿ ಸಾಲಾಗಿ ಹೊಳೆಯುವ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ ಸಾಲದ ದುಡ್ಡಿನ ಮೇಲೆ ನಿಂತಿರುತ್ತವೆ. ಬಡ್ಡಿಯಿಲ್ಲದ ಅವಧಿ ಮುಗಿಯಿತೆಂದರೆ ಮಾರಾಟವಾಗದ ಒಂದೊಂದು ಗಾಡಿಗೂ ದಿನದಿನಕ್ಕೆ ಬಡ್ಡಿ ಬೆಳೆಯುತ್ತದೆ. ನಷ್ಟಕ್ಕೆ ಮಾರಿ ಮಾರಿ ಅವರು ಅಂಗಡಿ ಮುಚ್ಚಿಕೊಂಡು ಹೋದರೆ ನಿಮ್ಮ ವಾರಂಟಿ ಕಾರ್ಡನ್ನು ಯಾರ ಮುಂದೆ ಹಿಡಿಯುತ್ತೀರಿ? ಇದೆಲ್ಲ ನಿಜ. ಅವರ ಕಷ್ಟದ ಬಗ್ಗೆ ನನ್ನ ಪಾಲಿನ ಕನಿಕರ ಇಲ್ಲಿಗೆ ಮುಗಿಯಿತು.

ಇನ್ನು ನಿಮ್ಮ ವಿಷಯ. ಮೇಜಿನ ಆ ಬದಿಯಲ್ಲಿ ಕುಳಿತವರಿಗೆ ಏನೇನು ಗೊತ್ತಿದೆ ನೋಡಿ. ಕಂಪನಿ ತಮಗೆ ಕೊಟ್ಟ ಬೆಲೆ ಗೊತ್ತು. ತಿಂಗಳ ಅಥವಾ ತ್ರೈಮಾಸಿಕದ ಗುರಿ ಮುಟ್ಟಿದರೆ ಸಿಗುವ ಬೋನಸ್ ಗೊತ್ತು. ನೀವು ಕೈಯಿಟ್ಟು ಸವರುತ್ತಿರುವ ಗಾಡಿ ಎಷ್ಟು ಕಾಲದಿಂದ ಬಿಸಿಲಲ್ಲಿ ನಿಂತಿದೆ ಎಂಬುದು ಗೊತ್ತು. ಸಾಲ ಕೊಡಿಸಿದ್ದಕ್ಕೆ ಫೈನಾನ್ಸ್ ಕಂಪನಿಯಿಂದ ಕಮಿಷನ್ ಬರುವುದಿದ್ದರೆ ಅದೂ ಗೊತ್ತು. ಈ ಬದಿಯಲ್ಲಿರುವ ನಿಮಗೆ ಗೊತ್ತಿರುವುದು ಒಂದೇ, ಉಳುಮೆಯ ಕಾಲ ಹತ್ತಿರ ಬಂತು ಎಂಬುದು. ಅದನ್ನೂ ನೀವು ಬಾಗಿಲು ದಾಟಿದ ಕೂಡಲೇ ಹೇಳಿಬಿಟ್ಟಿರುತ್ತೀರಿ!

ಗೆಳೆಯರೊಬ್ಬರ ಜೊತೆಗೆ ಹೀಗೊಂದು ಷೋರೂಮಿಗೆ ಹೋಗಿದ್ದೆ. ಮಾರಾಟದ ಹುಡುಗ ಚುರುಕಾಗಿದ್ದ, ವಿನಯವಂತ. ಜಮೀನು ಎಷ್ಟು, ಮಣ್ಣು ಎಂಥದು, ಯಾವ ಉಪಕರಣ ಎಳೆಯಬೇಕು ಎಂದು ಕೇಳಲಿಲ್ಲ. "ಕಂತು ಎಷ್ಟಾದರೆ ನಿಮಗೆ ಹಗುರ ಸಾರ್?" ಎಂದ. ಗೆಳೆಯರು ಒಂದು ಮೊತ್ತ ಹೇಳಿದರು. ಆತ ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆಗೆ ತಿರುಗಿಸಿದ. ಅವರು ಹೇಳಿದ್ದಕ್ಕಿಂತ ಕೊಂಚ ಕಡಿಮೆಯೇ ಇತ್ತು. ಅದಕ್ಕಾಗಿ ಸಾಲದ ಅವಧಿಯನ್ನು ಎಷ್ಟು ಎಳೆದಿದ್ದ ಎಂಬುದು ಆ ಪರದೆಯ ಮೇಲೆ ಇರಲಿಲ್ಲ, ಟ್ರ್ಯಾಕ್ಟರಿನ ಬೆಲೆಯಂತೂ ಎಲ್ಲಿಯೂ ಇರಲಿಲ್ಲ. ನಾನು ಬೆಲೆ ಕೇಳಿದೆ. "ಮ್ಯಾನೇಜರ್ ಸಾಹೇಬರನ್ನು ಕೇಳಿ ಬರುತ್ತೇನೆ" ಎಂದು ಗಾಜಿನ ಕೋಣೆಯೊಳಗೆ ಹೋದ. ಗಾಜಲ್ಲವೇ, ಎಲ್ಲವೂ ಕಾಣುತ್ತಿತ್ತು. ಮ್ಯಾನೇಜರ್ ಫೋನಿನಲ್ಲಿ ಮಾತನಾಡುತ್ತಲೇ ಇದ್ದರು, ಈತನ ಕಡೆಗೆ ಕತ್ತು ಕೂಡ ತಿರುಗಿಸಲಿಲ್ಲ. ಹುಡುಗ ಬಾಟಲಿಯಿಂದ ನೀರು ಕುಡಿದ, ಗೋಡೆಯ ಕ್ಯಾಲೆಂಡರ್ ನೋಡಿದ, ಹೊರಗೆ ಬಂದ. ಬಂದವನೇ ದನಿ ತಗ್ಗಿಸಿ, "ನಿಮಗೋಸ್ಕರ ಹೇಗೋ ಒಪ್ಪಿಸಿದ್ದೇನೆ. ಈ ಬೆಲೆ ಮಾತ್ರ ಯಾರಿಗೂ ಹೇಳಬೇಡಿ" ಎಂದ. ಗೆಳೆಯರು ಕರಗಿ ನೀರಾದರು. ಅವರು ಎಷ್ಟು ಕೊಟ್ಟರು ಎಂಬುದನ್ನು ಈವತ್ತಿಗೂ ನನಗೆ ಹೇಳಿಲ್ಲ.

ಆ "ಯಾರಿಗೂ ಹೇಳಬೇಡಿ" ಎಂಬ ಮಾತಿನ ಬಗ್ಗೆ ಹೇಳುವುದು ಬಹಳ ಇದೆ. ಅದಕ್ಕೆ ಮೊದಲು ನಿಮ್ಮ ಕೈಗೆ ಒಂದಿಷ್ಟು ಸಾಮಗ್ರಿ ಕೊಡುತ್ತೇನೆ, ಉಪದೇಶ ಮಾತ್ರ ಮಾಡಿ ಕಳುಹಿಸಿದ ಎನ್ನಬಾರದು.

ಕಂತಿನ ಮಾತು ಎತ್ತಿದರೆ ನಿಲ್ಲಿಸಿ. ಮೊದಲು ಗಾಡಿಯ ಪೂರ್ತಿ ಬೆಲೆ, ಅಂದರೆ ನೋಂದಣಿ, ವಿಮೆ, ಸಾಗಣೆ, ಜೋಡಿಸಿಕೊಡುವ ವೆಚ್ಚ, ತೆರಿಗೆ ಎಲ್ಲ ಸೇರಿ ನಿಮ್ಮ ಹೊಲಕ್ಕೆ ಬಂದು ನಿಲ್ಲುವ ಬೆಲೆ. ಸಾಲದ ಮಾತು ಅದಾದ ಮೇಲೆ. ಸಾಲದಲ್ಲಿಯೂ ಬಡ್ಡಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ, ಯಾವುದರ ಮೇಲೆ ಬಡ್ಡಿ ಎಂದು ಕೇಳಿ. ಐದು ವರ್ಷದ ಸಾಲಕ್ಕೆ ಪೂರ್ತಿ ಅಸಲಿನ ಮೇಲೆ ಕೊನೆಯವರೆಗೂ ಶೇ. 8 ಹಾಕಿ ತಿಂಗಳ ಕಂತು ಕಟ್ಟಿಸಿಕೊಂಡರೆ, ತೀರುತ್ತಾ ಬರುವ ಅಸಲಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಶೇ. 14 ಆಗುತ್ತದೆ. ಇನ್ನು "ಸೊನ್ನೆ ಬಡ್ಡಿ" ಎಂಬ ಫಲಕ ಕಂಡರೆ ಒಂದೇ ಪ್ರಶ್ನೆ: ಪೂರ್ತಿ ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ? ಬಿಟ್ಟುಕೊಡುವ ಆ ಮೊತ್ತವೇ ಬಡ್ಡಿ, ಸೊನ್ನೆಯ ಹಿಂದೆ ಅಡಗಿ ಕುಳಿತಿರುತ್ತದೆ ಅಷ್ಟೇ.

ಹಳೆಯ ಟ್ರ್ಯಾಕ್ಟರ್ ಕೊಟ್ಟು ಹೊಸದು ತರುವುದಿದ್ದರೆ ಇನ್ನೂ ಎಚ್ಚರ ಬೇಕು. ಹಳೆಯದಕ್ಕೆ ನೀವು ಕನಸಿನಲ್ಲಿಯೂ ಎಣಿಸದ ಬೆಲೆ ಕಟ್ಟಿ ನಿಮ್ಮನ್ನು ಉಬ್ಬಿಸುತ್ತಾರೆ, ಹೊಸದರ ರಿಯಾಯಿತಿ ಸದ್ದಿಲ್ಲದೆ ಮಾಯವಾಗುತ್ತದೆ. ಹೊಸದರ ಬೆಲೆ ಬರವಣಿಗೆಯಲ್ಲಿ ಕೈಗೆ ಬರುವ ತನಕ ಹಳೆಯದರ ಸುದ್ದಿಯನ್ನೇ ಎತ್ತಬೇಡಿ.

ಗಾಡಿಯ ಮೈಮೇಲಿನ ತಗಡಿನ ಫಲಕ ಓದಿ. ತಯಾರಾದ ವರ್ಷ ಅಲ್ಲಿ ಇರುತ್ತದೆ, ಇಲ್ಲವಾದರೆ ಚಾಸಿಸ್ ಸಂಖ್ಯೆಯಿಂದ ತಿಳಿಯುತ್ತದೆ. ಹಿಂದಿನ ವರ್ಷದ ಗಾಡಿಯನ್ನು ಈ ವರ್ಷದ ಬೆಲೆಗೆ ಕೊಳ್ಳಬೇಕಾಗಿಲ್ಲ. ಅಶ್ವಶಕ್ತಿಯ ಮಾತು ಬಂದಾಗ ಎಂಜಿನ್ನಿನದೋ ಪಿಟಿಒದೋ (ಉಪಕರಣಗಳಿಗೆ ಶಕ್ತಿ ಒದಗಿಸುವ, ಹಿಂಬದಿಯ ತಿರುಗುವ ದಂಡ) ಎಂದು ಕೇಳಿ. ಮಣ್ಣು ಪುಡಿಮಾಡುವ ರೋಟವೇಟರ್ ತಿರುಗಿಸುವುದು ಪಿಟಿಒ, ಅದರ ಶಕ್ತಿ ಎಂಜಿನ್ನಿನದಕ್ಕಿಂತ ಕಡಿಮೆ. ಹೈಡ್ರಾಲಿಕ್ ಎತ್ತುವ ಸಾಮರ್ಥ್ಯವೂ ಹಾಗೆಯೇ. ಉಪಕರಣ ಸಿಕ್ಕಿಸುವ ಕೊಂಡಿಯ ತುದಿಯಲ್ಲಿ ಅಳೆದರೆ ಒಂದು ಅಂಕಿ, ಅಲ್ಲಿಂದ ಎರಡು ಅಡಿ ಹಿಂದಕ್ಕೆ ಅಳೆದರೆ ಅದಕ್ಕಿಂತ ಚಿಕ್ಕ ಅಂಕಿ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಯಾವುದು ಅಚ್ಚಾಗಿರುತ್ತದೆ ಎಂದು ಬೇರೆ ಹೇಳಬೇಕೆ?

ಈ ಅಂಕಿಗಳ ಆಟ ಹೊಸದಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಫೋರ್ಡ್ ಎಂಬ ಹೆಸರು ಹೊತ್ತ ಟ್ರ್ಯಾಕ್ಟರ್ ಕೊಂಡ. ಅದಕ್ಕೂ ಕಾರು ತಯಾರಕ ಹೆನ್ರಿ ಫೋರ್ಡನಿಗೂ ಯಾವ ಸಂಬಂಧವೂ ಇರಲಿಲ್ಲ, ಹೆಸರಿನ ಆಸೆಗೆ ಜನ ಕೊಳ್ಳಲಿ ಎಂದು ಇಟ್ಟ ಹೆಸರು. ಗಾಡಿ ಹೇಳಿದ ಕೆಲಸ ಮಾಡಲಿಲ್ಲ. ನಾವಾಗಿದ್ದರೆ ಹಣೆಬರಹ ಎಂದು ಕೈಚೆಲ್ಲುತ್ತಿದ್ದೆವು. ಆತ ಶಾಸನಸಭೆಗೆ ಆರಿಸಿಹೋದ, 1919ರಲ್ಲಿ ಕಾನೂನು ಮಾಡಿಸಿದ. ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಗದ ಟ್ರ್ಯಾಕ್ಟರನ್ನು ಆ ರಾಜ್ಯದಲ್ಲಿ ಮಾರುವಂತಿಲ್ಲ, ಬಿಡಿಭಾಗಗಳ ದಾಸ್ತಾನು ರಾಜ್ಯದೊಳಗೇ ಇರಬೇಕು ಎಂದಿತ್ತು ಆ ಕಾನೂನು. 1920ರಲ್ಲಿ ಮೊದಲ ಪರೀಕ್ಷೆಗೆ ನಿಂತದ್ದು ವಾಟರ್ಲೂ ಬಾಯ್ ಎಂಬ ಗಾಡಿ. ಅಂದಿನಿಂದ ಎಷ್ಟು ಎಳೆಯುತ್ತದೆ, ಎಷ್ಟು ಇಂಧನ ಕುಡಿಯುತ್ತದೆ ಎಂಬ ವರದಿಯನ್ನು ಯಾರು ಬೇಕಾದರೂ ಓದಬಹುದು. ಒಬ್ಬ ರೈತನ ಸಿಟ್ಟು ಎಲ್ಲಿಯವರೆಗೆ ಹೋಯಿತು ನೋಡಿ. ನಿಮ್ಮ ಸಿಟ್ಟು ನನಗೆ ಬರೆದ ಪತ್ರಕ್ಕೇ ನಿಂತಿದೆ, ಅದೇ ನನ್ನ ತಕರಾರು.

ಅಲ್ಲಿಗೆ ಶಕ್ತಿಯ ಗುಟ್ಟು ಬಯಲಾಯಿತು, ಬೆಲೆಯ ಗುಟ್ಟು ಉಳಿಯಿತು. ಅದೇ ದೇಶದಲ್ಲಿ 1958ರಲ್ಲಿ ಇನ್ನೊಂದು ಕಾನೂನು ಬಂತು. ಹೊಸ ಕಾರಿನ ಗಾಜಿನ ಮೇಲೆ ತಯಾರಕರು ಸೂಚಿಸಿದ ಬೆಲೆ, ಒಂದೊಂದು ಹೆಚ್ಚುವರಿ ಸೌಲಭ್ಯದ ಬೆಲೆ, ಸಾಗಣೆ ವೆಚ್ಚ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು ಅಂಟಿಸಲೇಬೇಕು. ಪೇಟೆಯವನು ಕೊಳ್ಳುವ ಕಾರಿಗೆ ಈ ಮರ್ಯಾದೆ ಸಿಕ್ಕಿತು. ರೈತ ಕೊಳ್ಳುವ ಟ್ರ್ಯಾಕ್ಟರು ಆ ಕಾನೂನಿನ ಒಳಗೆ ಬರಲೇ ಇಲ್ಲ. ಬಟ್ಟೆ ಅಂಗಡಿಗಳು ಸಾಮಾನಿಗೆ ಬೆಲೆಚೀಟಿ ಕಟ್ಟಲು ಶುರುಮಾಡಿ ಆಗಲೇ ಸುಮಾರು ಒಂದು ಶತಮಾನವಾಗಿತ್ತು.

ಪಕ್ಕದ ಅಂಗಡಿಯ ಬೆಲೆ ಬಯಲಾದರೆ ಬೆಲೆ ಇಳಿಯುತ್ತದೆಯೇ ಎಂದು ಅನುಮಾನಿಸುವವರು 1922ನೆಯ ಇಸವಿಯನ್ನು ನೆನೆಯಬೇಕು. ಹೆನ್ರಿ ಫೋರ್ಡ್ ತನ್ನ ಫೋರ್ಡ್ಸನ್ ಟ್ರ್ಯಾಕ್ಟರಿನ ಬೆಲೆಯನ್ನು 625 ಡಾಲರಿನಿಂದ ಒಂದೇ ಏಟಿಗೆ 395ಕ್ಕೆ ಇಳಿಸಿದ. ಎದುರಾಳಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಾನೂ ಬೆಲೆ ಇಳಿಸಿತು, ಜೊತೆಗೆ ನೇಗಿಲನ್ನು ಬಿಟ್ಟಿಯಾಗಿ ಕೊಟ್ಟಿತು. ಯಾವ ರೈತನೂ ಕೈಮುಗಿದು ಬೇಡಿಕೊಂಡದ್ದಕ್ಕೆ ಕೊಟ್ಟದ್ದಲ್ಲ. ಪಕ್ಕದ ಅಂಗಡಿಯ ಬೆಲೆ ಎಷ್ಟೆಂಬುದು ಎಲ್ಲರಿಗೂ ತಿಳಿದಿತ್ತು, ಅದಕ್ಕೆ ಕೊಟ್ಟದ್ದು. (1928ರ ಹೊತ್ತಿಗೆ ಫೋರ್ಡ್ ಅಮೆರಿಕದಲ್ಲಿ ಟ್ರ್ಯಾಕ್ಟರ್ ತಯಾರಿಸುವುದನ್ನೇ ಬಿಟ್ಟ ಎಂದು ಡೀಲರ್ ಮಿತ್ರರು ನೆನಪಿಸುತ್ತಾರೆ. ನೆನಪಿಸಲಿ.)

ಈಗ ಆ "ಯಾರಿಗೂ ಹೇಳಬೇಡಿ" ಎಂಬ ಮಾತಿಗೆ ಬರೋಣ. ಗುಟ್ಟನ್ನು ಕಾಯುತ್ತಿರುವವರು ಡೀಲರುಗಳಲ್ಲ ಸ್ವಾಮಿ, ನಾವು. ಕಡಿಮೆಗೆ ಕೊಂಡವನು ತನಗೆ ಮಾತ್ರ ಸಿಕ್ಕ ಭಾಗ್ಯ ಎಂದು ಬೀಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಹೆಚ್ಚಿಗೆ ಕೊಟ್ಟವನು ಪೆದ್ದನೆನಿಸಿಕೊಂಡೇನು ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ನಿಮ್ಮ ಪರಿಚಿತರು ಬಾಯಿಬಿಟ್ಟದ್ದರಿಂದ ತಾನೇ ನಿಮಗೆ ಅನುಮಾನ ಹುಟ್ಟಿದ್ದು? ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಜಾನ್ ಕೆನಡಿ 1960ರ ಚುನಾವಣಾ ಭಾಷಣದಲ್ಲಿ ರೈತನ ಪಾಡನ್ನು ಒಂದೇ ವಾಕ್ಯದಲ್ಲಿ ಹೇಳಿದ್ದರು: ಎಲ್ಲವನ್ನೂ ಚಿಲ್ಲರೆ ಬೆಲೆಗೆ ಕೊಂಡು, ಎಲ್ಲವನ್ನೂ ಸಗಟು ಬೆಲೆಗೆ ಮಾರಿ, ಎರಡೂ ಕಡೆಯ ಸಾಗಣೆ ವೆಚ್ಚವನ್ನು ಹೊರುವವನು ಅವನೊಬ್ಬನೇ. ಬೆಳೆದದ್ದನ್ನು ಮಾರಲು ಹೋದಾಗ ಬೆಲೆ ಹೇಳುವವರು ಕೊಳ್ಳುವವರು. ಟ್ರ್ಯಾಕ್ಟರ್ ಕೊಳ್ಳಲು ಹೋದಾಗ ಬೆಲೆ ಹೇಳುವವರು ಮಾರುವವರು. ಎರಡು ಕಡೆಯೂ ತಲೆಯಾಡಿಸುವ ಕೆಲಸ ಮಾತ್ರ ನಮ್ಮದು. ಕೊಂಡ ಮೇಲಾದರೂ ಗಾಡಿ ನಮ್ಮದಾಗುತ್ತದೆಯೇ? ಹಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಕುಳಿತಿದೆ, ಒಂದು ಸಂವೇದಕ ಕೆಟ್ಟರೂ ಅದನ್ನು ಪತ್ತೆಮಾಡುವ ತಂತ್ರಾಂಶ ಹೆಚ್ಚಾಗಿ ಡೀಲರರ ಕೈಯಲ್ಲಿ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ರೈತನಿಗೆ ತನ್ನ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹಕ್ಕು ಕೊಡುವ ಕಾನೂನು ಮಾಡಬೇಕಾಗಿ ಬಂತು. ಸ್ವಂತ ಹಣದಲ್ಲಿ ಕೊಂಡ ವಸ್ತುವಿನ ಬಾನೆಟ್ ಎತ್ತಲು ಕಾನೂನಿನ ಅಪ್ಪಣೆ! ಎಲ್ಲಿಂದ ಎಲ್ಲಿಗೋ ಹೋದೆ, ಕ್ಷಮಿಸಿ. ಆದರೆ ಬೆಲೆಯ ಗುಟ್ಟು, ಸಾಲದ ಗುಟ್ಟು, ರಿಪೇರಿಯ ಗುಟ್ಟು, ಇವು ಒಂದೇ ಮನೆಯ ಮಕ್ಕಳು.

ನ್ಯಾಯವಾದ ಬೆಲೆ ಯಾವುದು ಎಂದಿರಿ. ಒಂದೇ ಮಾದರಿ, ಒಂದೇ ಟೈರು, ಒಂದೇ ಉಪಕರಣಗಳಿಗೆ ನಿಮ್ಮ ಕೈಗೆಟಕುವ ಡೀಲರುಗಳಿಂದ ಎಲ್ಲ ವೆಚ್ಚ ಸೇರಿದ ಲಿಖಿತ ಕೊಟೇಷನ್ ತನ್ನಿ. ಅವುಗಳಲ್ಲಿ ಕಡಿಮೆಯದು ನಿಮ್ಮ ತಳಹದಿ. ಹತ್ತಿರದ ಡೀಲರ್ ಅದಕ್ಕಿಂತ ತುಸು ಹೆಚ್ಚು ಹೇಳಿದರೂ ಅವರ ವರ್ಕ್‌ಷಾಪ್ ಚೆನ್ನಾಗಿದ್ದರೆ ಆ ಹೆಚ್ಚಿಗೆಯನ್ನು ಸಂತೋಷವಾಗಿ ಕೊಡಿ. ಚೆನ್ನಾಗಿದೆಯೇ ಎಂದು ತಿಳಿಯಲು ಷೋರೂಮಿನ ಸೋಫಾದಲ್ಲಿ ಕೂರಬೇಡಿ, ಹಿಂದುಗಡೆಯ ಬಿಡಿಭಾಗಗಳ ಕೌಂಟರಿಗೆ ಹೋಗಿ ಆ ಮಾದರಿಯ ಡೀಸೆಲ್ ಫಿಲ್ಟರ್ ಮತ್ತು ಕ್ಲಚ್ ಪ್ಲೇಟ್ ಕೇಳಿ. ಕಪಾಟಿನಿಂದ ತೆಗೆದುಕೊಟ್ಟರೆ ಒಂದು ಲೆಕ್ಕ, "ತರಿಸಿಕೊಡುತ್ತೇವೆ" ಎಂದರೆ ಇನ್ನೊಂದು ಲೆಕ್ಕ. ಹೆಚ್ಚು ಕೊಡುವುದಿದ್ದರೆ ಎಷ್ಟು, ಏಕೆ ಎಂದು ತಿಳಿದು ಕೊಡಿ. ಡೀಲರೂ ಬದುಕಬೇಕು ಎಂಬ ನಿಮ್ಮ ಔದಾರ್ಯಕ್ಕೆ ಅಲ್ಲಿ ಜಾಗವಿದೆ.

ಬೆಲೆ ಇನ್ನು ಇಳಿಯುವುದಿಲ್ಲ ಎಂಬ ಹಂತ ಬಂದಾಗ ಕೊಸರು ಕೇಳಿ: ಗಾಡಿಯ ಮುಂಭಾಗದ ತೂಕದ ಬಿಲ್ಲೆಗಳು, ಹಿಂದಿನ ಕೊಕ್ಕೆ, ಮೇಲಿನ ಚಾವಣಿ, ಮೊದಲ ಸರ್ವೀಸುಗಳ ಎಣ್ಣೆ. ನಗದು ಬಿಡಲು ಒಪ್ಪದವರು ಇವನ್ನು ಕೊಡುತ್ತಾರೆ, ಏಕೆಂದರೆ ನಿಮಗೆ ಬೀಳುವ ಬೆಲೆಗೆ ಅವರಿಗೆ ಅವು ಬೀಳುವುದಿಲ್ಲ. ಕೊಟ್ಟದ್ದೆಲ್ಲ ಅದೇ ಕೊಟೇಷನ್ನಿನಲ್ಲಿ ಬರಹಕ್ಕೆ ಇಳಿಯಲಿ. ಮುಂಗಡ ಅದಕ್ಕೆ ಸಹಿಯಾದ ಮೇಲೆ, ರಸೀದಿಯ ಜೊತೆಗೆ. ತಿಂಗಳ ಕೊನೆಯ ವಾರದಲ್ಲಿ ಹೋದರೆ ಮ್ಯಾನೇಜರ್ ಫೋನ್ ಕೆಳಗಿಟ್ಟು ನಿಮ್ಮ ಕಡೆಗೆ ತಿರುಗುವ ಸಂಭವ ಹೆಚ್ಚು.

ಕೊನೆಯದಾಗಿ ಒಂದು ಬೇಡಿಕೆ, ನಿಮಗೂ ಉಳಿದ ಓದುಗರಿಗೂ. ನೀವು ಕೊಂಡ ಟ್ರ್ಯಾಕ್ಟರಿನ ಮಾದರಿ, ತಿಂಗಳು, ಎಲ್ಲ ಸೇರಿ ಕೊಟ್ಟ ಹಣ, ಸಾಲದ ಬಡ್ಡಿ, ಸಿಕ್ಕ ಕೊಸರು, ಇಷ್ಟನ್ನು ಬರೆದು ಕಳುಹಿಸಿ. ಕೊಟೇಷನ್ನಿನ ನಕಲು ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಪಟ್ಟಿ ಮಾಡಿ ಅಚ್ಚು ಹಾಕುತ್ತೇನೆ. ನಮ್ಮ ಜಾಹೀರಾತು ವಿಭಾಗದವರಿಗೆ ಈ ವಿಷಯವನ್ನು ಇನ್ನೂ ಹೇಳಿಲ್ಲ. ಹಿಂದಿನ ಪುಟದ ಬಣ್ಣದ ಜಾಹೀರಾತು ಮುಂದಿನ ಸಂಚಿಕೆಯಲ್ಲಿ ಕಾಣದಿದ್ದರೆ ಕಾರಣ ಏನೆಂದು ನಿಮಗೆ ಗೊತ್ತಾಗುತ್ತದೆ.