ಅಜ್ಜಿ ನಿಮ್ಮಿಂದ ಏನನ್ನೂ ಕೇಳಲಿಲ್ಲವೇ?

ಮಾನ್ಯರೇ,

‘ನನ್ನ ಮೊದಲ ಗೆಳತಿ’ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಓದಿಗೆ ಎಲ್ಲಿಯೂ ತೊಡಕಿಲ್ಲ, ಅಜ್ಜಿಯ ಮೇಲಿನ ನಿಮ್ಮ ಪ್ರೀತಿಯನ್ನು ಯಾರೂ ಅನುಮಾನಿಸಲಾರರು. ಆದರೂ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತು. ಗೆಳತಿ ಎಂದು ಕರೆದವರನ್ನು ನೀವು ಲೇಖನದುದ್ದಕ್ಕೂ ದಾನಿಯಾಗಿ ನಿಲ್ಲಿಸಿದ್ದೀರಿ.

ಎರಡನೆಯ ಪ್ಯಾರಾ ನೋಡಿ: ‘ಅಜ್ಜಿ ಕಥೆ ಹೇಳಿದರು, ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದರು, ಅಪ್ಪನ ಸಿಟ್ಟಿನಿಂದ ಕಾಪಾಡಿದರು.’ ಮಾಡಿದ್ದೆಲ್ಲ ಅವರು, ಪಡೆದದ್ದೆಲ್ಲ ನೀವು. ಅಪ್ಪನಿಂದ ಕಾಪಾಡಲು ಅವರು ಸುಳ್ಳು ಹೇಳಿದರೇ? ಹೇಳಿದ್ದರೆ, ಅವರ ಯಾವ ಗುಟ್ಟನ್ನು ನೀವು ಮನೆಯವರಿಂದ ಮುಚ್ಚಿಟ್ಟಿರಿ? ಸ್ನೇಹ ಮೊಳೆಯುವ ಜಾಗವೇ ಅದು. ನೀವೋ ಅಲ್ಲಿ ಅರೆಕ್ಷಣವೂ ನಿಲ್ಲದೆ ಮುಂದಿನ ಪ್ಯಾರಾಕ್ಕೆ ಹೊರಟುಹೋಗಿದ್ದೀರಿ.

‘ಅವರು ನನ್ನ ಮೇಲೆ ಎಂದೂ ಕೋಪಿಸಿಕೊಂಡವರಲ್ಲ.’ ಇದನ್ನು ನಾನು ನಂಬುವುದಿಲ್ಲ. ಒಡನಾಟ 38 ವರ್ಷಗಳದ್ದೆಂದು ನೀವೇ ಬರೆದಿದ್ದೀರಿ. ಅದರಲ್ಲಿ ನಿಮ್ಮ ಹತ್ತನೆಯ ವಯಸ್ಸಿನಿಂದ ಅವರು ಹಾಸಿಗೆ ಹಿಡಿಯುವವರೆಗಿನ ಇಡೀ ಅವಧಿಗೆ ಸಿಕ್ಕಿರುವುದು ‘ಕಾಲ ಉರುಳಿತು’ ಎಂಬ ಎರಡೇ ಪದ. ಹದಿಹರೆಯದಲ್ಲಿ ಅವರ ಮಾತು ನಿಮಗೆ ಬೇಸರ ತಂದ ದಿನಗಳು, ಕೆಲಸ ಹಿಡಿದ ಮೇಲೆ ಫೋನ್ ಮಾಡುತ್ತೇನೆಂದು ಹೇಳಿ ಮರೆತ ಸಂಜೆಗಳು, ಮದುವೆಯ ಮಾತು ಬಂದಾಗ ಅವರು ಯಾರ ಪಕ್ಷ ವಹಿಸಿದರೆಂಬುದು, ಇವೆಲ್ಲ ಆ ಎರಡು ಪದಗಳೊಳಗೆ ಹೂತುಹೋಗಿವೆ. ಮೊಮ್ಮಗು ಅಜ್ಜಿಯನ್ನು ಪ್ರೀತಿಸುವುದು ಸಹಜ; ಬೆಳೆದವರೊಬ್ಬರು ಆಕೆಯನ್ನು ಗೆಳತಿಯೆಂದು ಮತ್ತೆ ಆರಿಸಿಕೊಂಡದ್ದು ಹೇಗೆಂಬುದೇ ನನಗೆ ಬೇಕಾದ ಲೇಖನ.

ಇನ್ನು ‘ಕೊನೆಗೆ ಅವರು ಮಗುವಾದರು, ಎಲ್ಲವನ್ನೂ ನಾನೇ ಮಾಡಿದೆ’ ಎಂಬ ಸಾಲು. ಅಮೆರಿಕದ ಬಾಸ್ಟನ್ ಕಾಲೇಜಿನ ಇಬ್ಬರು ಸಮಾಜಶಾಸ್ತ್ರಜ್ಞರು 1985ರಿಂದ 2004ರವರೆಗಿನ ಮಾಹಿತಿಯನ್ನು ಪರಿಶೀಲಿಸಿ, ಅಜ್ಜ-ಅಜ್ಜಿಯರಿಗೂ ಬೆಳೆದ ಮೊಮ್ಮಕ್ಕಳಿಗೂ ನಡುವೆ ಆಪ್ತತೆ ಇದ್ದಲ್ಲಿ ಎರಡೂ ಪೀಳಿಗೆಯವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯೆಂದೂ, ನೆರವು ಪಡೆಯುತ್ತ ತಾವೇನೂ ಕೊಡಲಾಗದ ಹಿರಿಯರಲ್ಲಿ ಅವು ಹೆಚ್ಚುತ್ತವೆಂದೂ 2013ರಲ್ಲಿ ವರದಿ ಮಾಡಿದ್ದರು. ಅಂಕಿಅಂಶ ಹಾಗಿರಲಿ, ನಿಮ್ಮ ಅಜ್ಜಿಯೂ ನಡುಗುವ ಕೈಯಲ್ಲೇ ಏನನ್ನಾದರೂ ಮಾಡಿಕೊಡುತ್ತೇನೆಂದು ಹಟ ಹಿಡಿದಿರಬೇಕು. ನೀವು ಬಿಟ್ಟಿರೋ, ತಡೆದಿರೋ?

ನಾನು ಕರಡು ತಿದ್ದುವುದನ್ನು ಕಲಿಯುತ್ತಿದ್ದ ಕಾಲದಲ್ಲಿ, ಆತ್ಮೀಯರ ಬಗ್ಗೆ ಯಾರು ಏನೇ ಬರೆದು ತಂದರೂ ನಮ್ಮ ಹಿರಿಯ ಸಂಪಾದಕರು ಅದನ್ನು ಓದುವ ಮೊದಲೇ ಒಂದು ಖಾಲಿ ಹಾಳೆ ಮುಂದಿಟ್ಟು, ‘ನಿನ್ನ ಮೇಲೆ ಅವರಿಗಿದ್ದ ದೂರು ಇದರಲ್ಲಿ ಬರಿ’ ಎನ್ನುತ್ತಿದ್ದರು. ಸೋದರಮಾವನ ಬಗ್ಗೆ ಬರೆದುಕೊಂಡು ಹೋಗಿದ್ದ ನನಗೆ ಆ ಹಾಳೆ ಸಾಲದೆ ಇನ್ನೊಂದನ್ನು ಕೇಳಿ ಪಡೆಯಬೇಕಾಯಿತು. ಮುದುಕರು ಮೂಲ ಲೇಖನವನ್ನು ಓದಲೇ ಇಲ್ಲ. ಆ ಹಾಳೆಗಳನ್ನೇ ಅಚ್ಚಿಗೆ ಕಳಿಸಿದರು.

ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಅಜ್ಜಿಯ ದೂರನ್ನು ಅವರ ಮಾತಿನ ಧಾಟಿಯಲ್ಲೇ ಒಂದು ಪುಟ ಬರೆದು ಕಳಿಸಿ. ಶೀರ್ಷಿಕೆಯ ವಿಷಯವನ್ನು ಆಮೇಲೆ ಮಾತನಾಡೋಣ.

ಇಂತು,
ಸಂಪಾದಕ